ಸಾಯಲೊಲ್ಲದ ಕಣಗಳ ಚಾತುರ್ಮಾಸ

ಕಳೆದ ವಾರ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬರುವ ಬಸ್ಸು ಶಿರ್ತಾಡಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಮಳೆ ಬಿಟ್ಟಿತ್ತು. ರಸ್ತೆಗೆ ತಾಗಿದ ಅಂಗಳವೊಂದರಲ್ಲಿ ಇಬ್ಬರು ಡ್ರಮ್ಮಿನೊಳಗೆ ಸುಣ್ಣ ಅರಳಿಸುತ್ತಿದ್ದರು. ಪಕ್ಕದ ಡ್ರಮ್ಮಿನಲ್ಲಿ ಮೈಲುತುತ್ತು ಕರಗಿದ ನೀಲಿ ನೀರು. ಅಡಿಕೆಗೆ ಕೊಳೆ ರೋಗದ ಮದ್ದು ಬಿಡುವ ಕಾಲ. ಬಿಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ವಾಂತಿ ಬರ್ತದಾ ಅಕ್ಕ? ಕಿಟಕಿ ಹತ್ತಿರ ಬನ್ನಿ," ಎಂದಳು ಪಕ್ಕದಲ್ಲಿ ಕೂತಿದ್ದ ಹುಡುಗಿ.

ಇಲ್ಲ ಎಂದೆ. ಮದುವೆಯಾದಂದಿನಿಂದ ಆ ವಾಸನೆಯ ಅಂಗಿಗಳನ್ನು ಒಗೆದವಳು ನಾನು ಎಂದು ಅವಳಿಗೆ ಹೇಳಿ ಏನು ಪ್ರಯೋಜನ?

ಇವರದ್ದು, ಎಂದರೆ ನನ್ನ ಗಂಡ ನೇಮಿರಾಜರದ್ದು, ಮೂಡುಬಿದಿರೆಯಲ್ಲಿ ಒಂದು ಸಣ್ಣ ಅಂಗಡಿ. ಮೈಲುತುತ್ತು, ಸುಣ್ಣ, ಸ್ಪ್ರೇ ಪೈಪು, ಹಾರೆ, ಗುದ್ದಲಿ, ಹಗ್ಗ. ಮಳೆಗಾಲದಲ್ಲಿ ಉಣ್ಣಲು ಪುರುಸೊತ್ತಿಲ್ಲದಷ್ಟು ವ್ಯಾಪಾರ. ಆದರೆ ಕೀಟನಾಶಕ ಮಾರುತ್ತಿರಲಿಲ್ಲ, ಇಲಿಪಾಷಾಣ ಇಡುತ್ತಿರಲಿಲ್ಲ. ನಾವು ಜೈನರು. ಜೀವ ತೆಗೆಯುವ ಸಾಮಾನು ಕೈಯಿಂದ ಕೊಡಬಾರದು ಎಂದು ಇವರ ತಂದೆಯ ಕಾಲದ ಕಟ್ಟಳೆ. ಪಕ್ಕದ ಟಯರ್ ಅಂಗಡಿಯ ಹಮೀದ್ ಅದಕ್ಕೆ ತಮಾಷೆ ಮಾಡುತ್ತಿದ್ದ.

"ನೇಮಣ್ಣ, ಅಡಿಕೆಯ ಕೊಳೆ ರೋಗಕ್ಕೂ ಜೀವ ಉಂಟಂತೆ. ಅದನ್ನು ಕೊಲ್ಲುವುದಕ್ಕೆ ಮೈಲುತುತ್ತು ಕೊಡ್ತೀರಲ್ಲ?"

"ಜೀವ ಉಂಟು ಮಾರಾಯ. ಆದರೆ ನನಗೆ ಹೊಟ್ಟೆಯೂ ಉಂಟು," ಎನ್ನುತ್ತಿದ್ದರು ಇವರು.

ಇವರಿಗೆ ರೋಗ ಇದೆ ಎಂದು ಗೊತ್ತಾದದ್ದು ಕಣ್ಣಿನ ಪೊರೆ ತೆಗೆಸಲು ಹೋದಾಗ. ಆಪರೇಶನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿದರು. ಬಿಳಿ ರಕ್ತಕಣಗಳು ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದವು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಒಬ್ಬರು ಡಾಕ್ಟರಮ್ಮ, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಇದು ನಿಧಾನದ ರಕ್ತದ ಕ್ಯಾನ್ಸರು, ಈಗ ಮದ್ದು ಬೇಡ, ಮೂರು ತಿಂಗಳಿಗೊಮ್ಮೆ ಬಂದು ರಕ್ತ ತೋರಿಸಿ ಸಾಕು ಎಂದರು.

ಬೆಳ್ತಂಗಡಿಯ ಲಾಯಿಲದಲ್ಲಿರುವ ಇವರ ಅಕ್ಕ ಸುನಂದಕ್ಕನಿಗೆ ಅದು ತಲೆಗೇ ಹೋಗಲಿಲ್ಲ. "ಕ್ಯಾನ್ಸರ್ ಉಂಟು, ಮನೆಗೆ ಹೋಗಿ ಅಂತ ಹೇಳುವ ಡಾಕ್ಟ್ರು ಎಲ್ಲಿಯಾದ್ರೂ ಉಂಟಾ ವಿಜಯಾ? ನೀವಿಬ್ಬರೂ ಅವಳು ಹೇಳಿದ್ದು ಸರಿಯಾಗಿ ಕೇಳಿಸಿಕೊಂಡಿದ್ದೀರಾ?"

"ಕೇಳಿಸಿಕೊಂಡಿದ್ದೇವೆ ಅಕ್ಕ," ಎಂದರು ಇವರು. "ಬಾಗಿಲಲ್ಲಿ ನೆಂಟ ಬಂದು ನಿಂತಿದ್ದಾನೆ. ಒಳಗೆ ಬರ್ತೇನೆ ಅಂತ ಇನ್ನೂ ಹೇಳಲಿಲ್ಲ. ಅಲ್ಲಿಯವರೆಗೆ ನಾವು ನಮ್ಮ ಕೆಲಸ ಮಾಡುವ."

ಹಾಗೆಯೇ ಮೂರು ವರ್ಷ ಕಳೆಯಿತು. ಕಣ್ಣಿನ ಆಪರೇಶನ್ ಆಯಿತು, ಮಗಳು ಸ್ಮಿತಾಳ ಮದುವೆ ಆಯಿತು. ಆಮೇಲೆ ಇವರ ಕುತ್ತಿಗೆಯಲ್ಲಿ, ಕಂಕುಳಲ್ಲಿ ಅಡಿಕೆ ಗಾತ್ರದ ಗಂಟುಗಳು ಕಾಣಿಸಿಕೊಂಡವು. ಸಂಜೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಕೀಮೋ ಶುರುವಾಯಿತು. ಆರು ಸಲ ಕೊಟ್ಟರು. ಗಂಟುಗಳು ಕರಗಿದವು, ಇವರು ಮತ್ತೆ ಅಂಗಡಿಗೆ ಹೋದರು. ಎಲ್ಲರೂ ಗುಣವಾಯಿತು ಎಂದರು. ನಾನೂ ಹಾಗೆ ಎಂದುಕೊಂಡೆ. ಎರಡು ಮಳೆಗಾಲ ದಾಟುವುದರೊಳಗೆ ಗಂಟುಗಳು ಹಿಂದಿನ ಜಾಗದಲ್ಲೇ, ಹಿಂದಿನದಕ್ಕಿಂತ ದೊಡ್ಡದಾಗಿ ಬಂದವು.

ನಾನು ಬರೆಯಲು ಹೊರಟದ್ದು ಆಮೇಲಿನ ಮಳೆಗಾಲದ ವಿಷಯ. ಕಳೆದ ವರ್ಷದ್ದು.

ಸ್ಮಿತಾ ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಟೀಚರು. ಗಂಡನ ಮನೆ ಅಲ್ಲೇ ಹತ್ತಿರ, ನದಿ ದಂಡೆಯ ನರಿಕೊಂಬಿನಲ್ಲಿ. ಅವಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಕಳೆದ ವರ್ಷ ಮೂರನೆಯ ಸಲ. ಆಷಾಢದ ಹೊತ್ತಿಗೆ ಐದನೇ ತಿಂಗಳು. ಚಾತುರ್ಮಾಸ ತೊಡಗುವ ದಿನ ಬೆಳಿಗ್ಗೆ ಇವರು ಬಸದಿಗೆ ಹೋದರು. ಮಳೆಗಾಲದ ನಾಲ್ಕು ತಿಂಗಳು ನಮ್ಮವರು ಶಕ್ತಿಗೆ ತಕ್ಕಂತೆ ಒಂದೊಂದು ನೋಂಪಿ ಹಿಡಿಯುತ್ತಾರೆ. ನೋಂಪಿ ಎಂದರೆ ವ್ರತ. ಒಬ್ಬರು ಸಿಹಿ ಬಿಡುತ್ತಾರೆ, ಒಬ್ಬರು ಸೊಪ್ಪು ಬಿಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಊಟ ಮಾಡುವ ಕ್ರಮ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇಲ್ಲ. ಆದರೆ ನೀರು ಕುಡಿಯುತ್ತಿದ್ದೆವು. ಅಂದು ಇವರು ಸೂರ್ಯ ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ ಎಂದು ನೋಂಪಿ ಹಿಡಿದು ಬಂದರು.

"ಜ್ವರದ ಮೈಯಲ್ಲಿ ಇದು ಬೇಕಿತ್ತಾ?" ಎಂದು ಕೇಳಿದೆ.

"ಸ್ಮಿತಾಳದ್ದು ಈ ಸಲ ನಿಲ್ಲಲಿ."

ನನಗೂ ಅದೇ ಬೇಕಿತ್ತು.

ಅದಾಗಿ ಒಂದು ವಾರಕ್ಕೆ ಮಂಗಳೂರಿನಲ್ಲಿ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಎಲ್ಲ ಬಿಡಿಸಿ ಹೇಳಿದರು. ಹಮೀದ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದ, ಅವನೂ ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದ. ನಾನು ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವಳು. ಆದರೂ ಅವರು ಹೇಳಿದ್ದು ನನಗೆ ಅರ್ಥವಾಯಿತು.

"ಕೀಮೋ ಅಂದ್ರೆ ಕಣಗಳನ್ನು ಕೊಲ್ಲುವುದು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಪೂರ್ತಿ ಹಾಗಲ್ಲ. ಕೀಮೋ ಕಣಕ್ಕೆ ಪೆಟ್ಟು ಕೊಡ್ತದೆ. ಪೆಟ್ಟು ತಿಂದ ಕಣ, ಇನ್ನು ನಾನು ಇರಬಾರದು ಅಂತ ತಾನಾಗಿ ಸಾಯಬೇಕು. ನಮ್ಮ ಎಲ್ಲ ಕಣಗಳ ಒಳಗೂ ಆ ವ್ಯವಸ್ಥೆ ಉಂಟು. ಹಳೆಯದಾದದ್ದು, ಕೆಟ್ಟದ್ದು ತಾನೇ ಸಾಯ್ತದೆ, ಹೊಸದಕ್ಕೆ ಜಾಗ ಬಿಡ್ತದೆ."

"ಇವರದ್ದು?" ಎಂದೆ.

"ಕಣ ಅವಸರದಲ್ಲಿ ಸಾಯದ ಹಾಗೆ ಕಾಯುವ ಪ್ರೋಟೀನುಗಳು ಕೆಲವು ಉಂಟು. ಅದರಲ್ಲಿ ಒಂದರ ಹೆಸರು ಬಿಸಿಎಲ್-2. ಎಲ್ಲರಿಗೂ ಬೇಕಾದ್ದೇ ಅದು. ಇವರ ರೋಗದ ಕಣಗಳಲ್ಲಿ ಮಾತ್ರ ವಿಪರೀತ ತುಂಬಿಕೊಂಡಿದೆ. ಹಾಗಾಗಿ ಆ ಕಣಗಳು ಸಾಯುವುದೇ ಇಲ್ಲ, ಸುಮ್ಮನೆ ಸೇರ್ತಾ ಹೋಗ್ತವೆ. ಮೊದಲ ಸಲ ಕೀಮೋ ಕೊಟ್ಟಾಗ ಪೆಟ್ಟಿಗೆ ಬಗ್ಗುವಂಥವು ಸತ್ತವು. ಬಗ್ಗದವು ಉಳಿದವು. ಈಗ ಬೆಳೆದು ಬಂದಿರುವುದು ಆ ಉಳಿದವುಗಳ ಸಂತಾನ. ಮತ್ತೆ ಅದೇ ಕೀಮೋ ಕೊಟ್ರೆ ಅವು ಕೇಳುವುದಿಲ್ಲ."

ಈಗ ಒಂದು ಮಾತ್ರೆ ಇದೆ, ಅದು ಆ ಪ್ರೋಟೀನನ್ನೇ ಹಿಡಿದು ಕಟ್ಟಿಹಾಕುತ್ತದೆ, ಆಗ ತಡೆಯುವವರಿಲ್ಲದೆ ಕಣಗಳು ಸಾಯುತ್ತವೆ ಎಂದರು. ಕಷ್ಟವಿರುವುದು ಆಮೇಲೆ. ಇಷ್ಟು ವರ್ಷ ಸಾಯದೆ ಕೂತವು ಒಮ್ಮೆಲೇ ಸತ್ತರೆ ಅವುಗಳ ಒಳಗಿನ ಉಪ್ಪು, ಆಮ್ಲ ಎಲ್ಲ ರಕ್ತಕ್ಕೆ ಬಂದು ಬೀಳುತ್ತದೆ. ಕಿಡ್ನಿ ಅದನ್ನು ತೊಳೆದು ಹೊರಗೆ ಹಾಕಬೇಕು. ಹಾಕಲಿಕ್ಕಾಗದಿದ್ದರೆ ಕಿಡ್ನಿ ನಿಲ್ಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಅದಕ್ಕೆ ಮಾತ್ರೆಯನ್ನು ಚೂರಿನಿಂದ ಶುರು ಮಾಡಿ ನಾಲ್ಕೈದು ವಾರ, ವಾರಕ್ಕೊಮ್ಮೆ ಏರಿಸುತ್ತಾ ಹೋಗಬೇಕು. ಜೊತೆಗೆ ನೀರು. ಬೆಳಿಗ್ಗೆಯಿಂದ ಮಲಗುವವರೆಗೆ, ರಾತ್ರಿ ಎಚ್ಚರವಾದಾಗಲೂ ನೀರು.

ಆಗ ಇವರು, "ರಾತ್ರಿ ನೀರು ನನಗೆ ಆಗುವುದಿಲ್ಲ ಡಾಕ್ಟ್ರೇ. ನೋಂಪಿ ಉಂಟು, ದೀಪಾವಳಿವರೆಗೆ," ಎಂದರು.

"ದೀಪಾವಳಿವರೆಗೆ ಕಾಯುವ ಹಾಗಿಲ್ಲ ನಿಮ್ಮ ರಕ್ತ."

"ರಾತ್ರಿ ಮಾತ್ರ ಅಲ್ವಾ? ಹಗಲು ಎಷ್ಟು ಬೇಕಾದ್ರೂ ಕುಡಿತೇನೆ."

ಡಾಕ್ಟರಮ್ಮನಿಗೆ ಸಿಟ್ಟು ಬಂದಿರಬೇಕು, ತೋರಿಸಲಿಲ್ಲ. "ಕಣಗಳಿಗೆ ಹಗಲು ರಾತ್ರಿ ಗೊತ್ತಿಲ್ಲ," ಎಂದರು ಅಷ್ಟೆ.

ಬರುವಾಗ ಕಾರಿನಲ್ಲಿ ಹಮೀದ್ ಮಾತು ತೆಗೆದ. "ನೇಮಣ್ಣ, ನಮ್ಮಲ್ಲಿ ಕಾಯಿಲೆಯವನಿಗೆ ಉಪವಾಸ ಬಿಡ್ಲಿಕ್ಕೆ ಉಂಟು. ಗುಣ ಆದ ಮೇಲೆ ಬಾಕಿ ಹಿಡಿದ್ರೆ ಆಯ್ತು. ನಿಮ್ಮ ದೇವರು ಅಷ್ಟು ಸ್ಟ್ರಿಕ್ಟಾ?"

"ನಮ್ಮದ್ರಲ್ಲಿ ದೇವರು ಕೇಳುವುದಿಲ್ಲ ಮಾರಾಯ. ಕೇಳುವುದು ನಾವೇ."

"ಹಾಗಾದ್ರೆ ಇನ್ನೂ ಸುಲಭ ಆಯ್ತಲ್ಲ. ನಿಮ್ಮ ಹತ್ತಿರ ನೀವೇ ಹೇಳಿ, ನಾಲ್ಕು ವಾರ ರಜೆ ಕೊಡು ಅಂತ."

ಇವರು ನಕ್ಕರು. ಕಾರು ಗುರುಪುರದ ಸೇತುವೆ ಹತ್ತಿತು. ಕೆಳಗೆ ನದಿ ಕೆಂಪಾಗಿ, ದಡ ಮುಚ್ಚುವ ಹಾಗೆ ಹರಿಯುತ್ತಿತ್ತು.

ಮಾರನೇ ದಿನ ನಾನೇ ಬಸದಿಗೆ ಹೋಗಿ ಪೂಜೆ ಮಾಡುವ ಇಂದ್ರರನ್ನು, ಎಂದರೆ ನಮ್ಮ ಪುರೋಹಿತರನ್ನು, ಕೇಳಿದೆ. ಅವರು ವಯಸ್ಸಾದವರು, ನಮ್ಮ ಮದುವೆಯನ್ನೂ ಮಾಡಿಸಿದವರು. "ಮದ್ದಿಗಾಗಿ ನೀರು ಕುಡಿದರೆ ಆಮೇಲೆ ಪ್ರಾಯಶ್ಚಿತ್ತ ಉಂಟಮ್ಮ. ಹೇಳಿ ಅವನಿಗೆ, ನಾನು ಹೇಳಿದೆ ಅಂತ. ಮತ್ತೆ ಮಗಳ ಗರ್ಭಕ್ಕೂ ಅಪ್ಪನ ನೋಂಪಿಗೂ ಸಂಬಂಧ ಕಟ್ಟಬಾರದು. ಕರ್ಮ ಅವರವರದ್ದು. ಇದು ಅವನಿಗೆ ಗೊತ್ತಿಲ್ಲದ್ದಲ್ಲ," ಎಂದರು.

ಬಂದು ಹೇಳಿದೆ. ಇವರು ಅಂಗಡಿಗೆ ಹೋಗಲು ಛತ್ರಿ ಹುಡುಕುತ್ತಿದ್ದರು.

"ಇಂದ್ರರು ಒಳ್ಳೆಯವರು, ಹಾಗೆ ಹೇಳ್ತಾರೆ."

"ಅವರು ಒಳ್ಳೆಯವರು, ಡಾಕ್ಟ್ರು ಒಳ್ಳೆಯವರು, ಹಮೀದ್ ಒಳ್ಳೆಯವನು. ನಾನು ಒಬ್ಬಳು ಇಲ್ಲಿ ಬಾಯಿ ಬಡ್ಕೊಳ್ಳುವುದು. ನೀವು ಹೋದ್ರೆ ನನಗೆ ಯಾರು?"

ಛತ್ರಿಯನ್ನು ಕೈಯಲ್ಲಿ ಹಿಡಿದು ನಿಂತರು. ಮೆಲ್ಲಗೆ ಹೇಳಿದರು: "ಸಾಯಬೇಕಾದ್ದು ಸಾಯದೆ ಹಟ ಹಿಡಿದು ಕೂತರೆ ಅದೇ ರೋಗ ಅಂತ ಆ ಡಾಕ್ಟರಮ್ಮನೇ ಹೇಳಿದ್ದಲ್ವಾ ವಿಜಯಾ?"

ಮೂವತ್ತು ವರ್ಷದ ಸಂಸಾರದಲ್ಲಿ ಇವರು ನನಗೆ ಒಂದು ಗಡಸು ಮಾತು ಆಡಿದವರಲ್ಲ. ಇದನ್ನೂ ಗಡಸಾಗಿ ಹೇಳಲಿಲ್ಲ. ಆದರೂ ಆ ದಿನವಿಡೀ ಕೆಲಸದ ನಡುವೆ ಆ ಮಾತೇ ನನ್ನ ಕಿವಿಯಲ್ಲಿತ್ತು.

ಮಾತ್ರೆ ಬೇಡ ಎಂದು ಮಾತ್ರ ಇವರು ಹೇಳಲಿಲ್ಲ. ಅದು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು. ಬದುಕುವ ಆಸೆ ಇವರಿಗೆ ಇತ್ತು. ಸ್ಮಿತಾಳ ಮಗುವನ್ನು ಎತ್ತಿಕೊಳ್ಳುವ ಆಸೆ ಎಲ್ಲಕ್ಕಿಂತ ಹೆಚ್ಚು ಇತ್ತು. ಎರಡನ್ನೂ ಉಳಿಸಿಕೊಳ್ಳಲು ಒಂದು ದಾರಿ ಇರಬಹುದು ಎಂದು ಹುಡುಕುತ್ತಿದ್ದರು. ಮೈಲುತುತ್ತು ಕೊಂಡು ಹೋಗುವವರಿಗೆ ಸುಣ್ಣ ಎಷ್ಟು, ನೀರು ಎಷ್ಟು ಎಂದು ಹದ ಹೇಳುವವರು, ಇದಕ್ಕೂ ಒಂದು ಹದ ಇದ್ದೀತು ಎಂದುಕೊಂಡರೋ ಏನೋ.

ದಾರಿ ಡಾಕ್ಟರಮ್ಮನೇ ತೋರಿಸಿದರು. ಮೊದಲ ಎರಡು ವಾರ, ಮಾತ್ರೆ ಶುರು ಮಾಡುವಾಗ ಮತ್ತು ಏರಿಸುವಾಗ, ಹೇಗೂ ಆಸ್ಪತ್ರೆಯಲ್ಲಿ ಮಲಗಿಸಬೇಕು. ಆಗ ರಾತ್ರಿಯಿಡೀ ನರಕ್ಕೆ ಡ್ರಿಪ್ ಹಾಕುತ್ತೇವೆ ಎಂದರು. ನರ್ಸ್ ಸೂಜಿ ಚುಚ್ಚುವಾಗ ಇವರು ಕೇಳಿದರು, "ಇದು ನೀರೇ ಅಲ್ವಾ ಸಿಸ್ಟರ್?"

"ಉಪ್ಪುನೀರು. ಯಾಕೆ ಅಜ್ಜ?"

"ಬಾಯಿಗೆ ಹೋಗುವುದಿಲ್ಲ ಅಲ್ವಾ?"

"ನಿಮ್ಮ ಬಾಯಿ ಅಲ್ಲಿ ಉಂಟು, ನಾನು ಚುಚ್ಚುತ್ತಾ ಇರುವುದು ಇಲ್ಲಿ."

ಇವರಿಗೆ ಸಮಾಧಾನವಾಯಿತು. ನನಗೂ ನಗು ಬಂತು. ಆ ಎರಡು ವಾರ ನಾವು ಚೆನ್ನಾಗಿದ್ದೆವು. ಕಿಟಕಿಯ ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಇವರು ಬೆಳಗಾಗುವುದನ್ನೇ ಕಾದು ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದರು. ಕುತ್ತಿಗೆಯ ಗಂಟುಗಳು ಕಣ್ಣೆದುರೇ ಕುಗ್ಗಿದವು. ಎರಡನೇ ವಾರ ನಾನು ಮುಟ್ಟಿ ನೋಡಿದಾಗ ಎಡಗಡೆಯದ್ದು ಸಿಗಲೇ ಇಲ್ಲ. ಡಾಕ್ಟರಮ್ಮ ರಿಪೋರ್ಟು ನೋಡಿ, "ಮಾತ್ರೆಗೆ ಚೆನ್ನಾಗಿ ಬಗ್ಗಿದೆ," ಎಂದರು. ವರ್ಷಗಳಿಂದ ಕೀಮೋಗೂ ಜಗ್ಗದೆ ಕೂತದ್ದು ಒಂದು ಸಣ್ಣ ಮಾತ್ರೆಗೆ ಕರಗುತ್ತಿತ್ತು.

ಮುಂದಿನದ್ದು ಮನೆಯಲ್ಲಿ. ಮೂರನೇ ವಾರದ ಮಾತ್ರೆಗೆ ಮೊದಲು ಡಾಕ್ಟರಮ್ಮ ಇವರ ಮುಖವನ್ನೇ ನೋಡಿ, "ಇಲ್ಲಿ ಡ್ರಿಪ್ ಇತ್ತು. ಮನೆಯಲ್ಲಿ ಇಲ್ಲ. ರಾತ್ರಿ ನೀರು ಕುಡಿಯಬೇಕು. ಕುಡಿಯುತ್ತೀರಾ?" ಎಂದರು.

ಇವರು ತಲೆ ಆಡಿಸಿದರು.

ನಮ್ಮ ಕಡೆ ದೊಡ್ಡವರು, ಕಲಿತವರು ಎದುರಿಗೆ ಕೂತು ಕಾಳಜಿಯಿಂದ ಒಂದು ಮಾತು ಹೇಳಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ತಲೆ ಆಡಿಸುತ್ತೇವೆ. ನಿಮ್ಮ ಮಾತು ಕಿವಿಗೆ ಬಿತ್ತು, ನಿಮ್ಮ ಮೇಲೆ ಗೌರವ ಇದೆ ಎಂದು ಅದರ ಅರ್ಥ. ಒಪ್ಪಿದೆ ಎಂದಲ್ಲ. ನಾವು ನಾವೇ ಆದರೆ ಅದು ಗೊತ್ತಾಗುತ್ತದೆ. ಇವರು ಒಪ್ಪಿದರು ಎಂದು ಡಾಕ್ಟರಮ್ಮ ತಿಳಿದರು. ಆಶ್ಚರ್ಯವೆಂದರೆ ನಾನೂ ಹಾಗೇ ತಿಳಿದೆ. ಏಕೆಂದರೆ ಹಿಂದಿನ ದಿನ ಸ್ಮಿತಾ ಬಂದು ಹೋಗಿದ್ದಳು.

ಅವಳಿಗೆ ಡಾಕ್ಟರು ಹೆಚ್ಚು ಓಡಾಡಬೇಡ ಎಂದಿದ್ದರು. ಆದರೂ ಅಪ್ಪನ ನೋಂಪಿಯ ಸಂಗತಿ ನಾನು ಫೋನಿನಲ್ಲಿ ಹೇಳಿದ್ದೇ ತಡ, ಗಂಡನ ಜೊತೆ ಆಸ್ಪತ್ರೆಗೆ ಬಂದಿಳಿದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಇವರ ಎದುರು ಕುರ್ಚಿ ಎಳೆದು ಕೂತಳು.

"ಅಪ್ಪ, ಇದು ಯಾರಿಗೋಸ್ಕರ?"

"ಯಾವುದು?"

"ಗೊತ್ತಿಲ್ಲದವರ ಹಾಗೆ ಮಾಡಬೇಡಿ. ನನ್ನ ಹೊಟ್ಟೆಯಲ್ಲಿರುವುದು ನೀವು ನೀರು ಬಿಟ್ಟದ್ದರಿಂದ ಬೆಳೆಯುವುದಿಲ್ಲ. ಅದು ಅದರಷ್ಟಕ್ಕೆ ಬೆಳೀತದೆ. ನಾಳೆ ನಿಮಗೆ ಏನಾದ್ರೂ ಆದ್ರೆ ಅದು ಹುಟ್ಟುವ ಮೊದಲೇ ಅಜ್ಜನನ್ನು ತಿಂದದ್ದು ಅಂತ ಆಗ್ತದೆ. ಅದು ಬೇಕಾ ನಿಮಗೆ?"

"ಹಾಗೆಲ್ಲ ಮಾತಾಡಬಾರದು ಮಗಾ. ಹೊಟ್ಟೆಯಲ್ಲಿರುವುದು ಕೇಳ್ತದೆ."

"ಕೇಳಲಿ. ನೀವು ಮೊದಲು ನೀರು ಕುಡಿಯುತ್ತೇನೆ ಅಂತ ಹೇಳಿ."

ಅವಳಿಗೂ ತಲೆ ಆಡಿಸಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನೋಡಮ್ಮ, ನಾನು ಹೇಳಿದ್ರೆ ಕೇಳ್ತಾರೆ," ಎಂದಳು. ನನಗೂ ಅದು ಹೌದೆನಿಸಿತು. ಮಗಳ ಮಾತನ್ನು ಇವರು ಯಾವತ್ತೂ ತೆಗೆದುಹಾಕಿದವರಲ್ಲ.

ಆವತ್ತಿನಿಂದ ನಾನು ದಿನಾ ದೀಪ ಹಚ್ಚಿದ ಮೇಲೆ ಇವರ ಹಾಸಿಗೆ ಪಕ್ಕ ದೊಡ್ಡ ಚೊಂಬಿನಲ್ಲಿ ಕುದಿಸಿ ಆರಿಸಿದ ನೀರು ಇಡುತ್ತಿದ್ದೆ. ಬೆಳಿಗ್ಗೆ ಒಲೆ ಹಚ್ಚಿ, ಕಸ ಗುಡಿಸಿ ನಾನು ಒಳಗೆ ಬರುವ ಹೊತ್ತಿಗೆ ಚೊಂಬು ಖಾಲಿಯಾಗಿರುತ್ತಿತ್ತು. ಕುಡಿದಿರಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇವರು ಸುಳ್ಳು ಹೇಳುತ್ತಿರಲಿಲ್ಲ. ಖಾಲಿ ಚೊಂಬು ನೋಡಿದ ಮೇಲೆ ಕೇಳಲಿಕ್ಕೆ ಏನಿತ್ತು?

ಮೂರನೇ ವಾರ ದಾಟಿತು. ರಕ್ತ ಚೆನ್ನಾಗಿತ್ತು. ಇವರು ಮಧ್ಯಾಹ್ನದವರೆಗೆ ಅಂಗಡಿಗೂ ಹೋಗತೊಡಗಿದರು. ಅಡಿಕೆಗೆ ಎರಡನೇ ಸಲದ ಮದ್ದು ಬಿಡುವ ಸಮಯ, ಮಳೆ ಬಿಡುವು ಕೊಡದೆ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದರು. ಕೊಳೆ ರೋಗ ಬಂದ ಅಡಿಕೆ ಮಿಡಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಸಂಜೆ ಇವರು ಅವರದ್ದೆಲ್ಲ ಸುದ್ದಿ ಹೇಳುತ್ತಿದ್ದರು. ಮೊದಲಿನ ಹಾಗೇ.

ನಾಲ್ಕನೇ ವಾರ ಮಾತ್ರೆಯನ್ನು ಹಿಂದಿನದರ ದುಪ್ಪಟ್ಟು ಮಾಡಿದರು. ಬೆಳಿಗ್ಗೆ ತಿಂಡಿಯ ಮೇಲೆ ತೆಗೆದುಕೊಂಡರು. ಮಧ್ಯಾಹ್ನ ಏನೂ ಇರಲಿಲ್ಲ. ಸಂಜೆಯಿಂದ ಭೇದಿ ಶುರುವಾಯಿತಂತೆ. ಅದು ಆ ಮಾತ್ರೆಗೆ ಆಗುವುದುಂಟು, ಆದರೆ ತಕ್ಷಣ ಫೋನ್ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಇವರು ನನಗೆ ಹೇಳಲಿಲ್ಲ. ರಾತ್ರಿ ಎಷ್ಟು ಸಲ ಎದ್ದರೋ ಗೊತ್ತಿಲ್ಲ. ಮಳೆಯ ಸದ್ದಿಗೆ ಬಾಗಿಲು ತೆರೆದದ್ದು ನನಗೆ ಕೇಳಲಿಲ್ಲ.

ಬೆಳಿಗ್ಗೆ ನಾನು ಕಾಫಿ ತಂದಾಗ ಇವರು ಮಂಚದ ಅಂಚಿನಲ್ಲಿ ಕೂತಿದ್ದರು. ಖಾಲಿ ಚೊಂಬು ಕೈಯಲ್ಲಿತ್ತು. ಏಳಲು ಹೋದವರು ಹಾಗೇ ಕುಸಿದರು. ಕಾಲಿನಲ್ಲಿ ಬಲವಿಲ್ಲ ಎಂದರು. ಬೆರಳುಗಳು ಸೆಡೆತು ಒಳಕ್ಕೆ ಮಡಚಿಕೊಂಡಿದ್ದವು. ಹಮೀದ್ ಅಂಗಡಿ ತೆರೆಯುತ್ತಿದ್ದವನು ಹಾಗೇ ಬಿಟ್ಟು ಕಾರು ತಂದ. ದಾರಿಯುದ್ದಕ್ಕೂ ಇವರ ತಲೆ ನನ್ನ ತೊಡೆಯ ಮೇಲಿತ್ತು. ಎದೆಯ ಬಡಿತ ಒಮ್ಮೆ ಓಡುತ್ತಿತ್ತು, ಒಮ್ಮೆ ತಡೆದು ನಿಲ್ಲುತ್ತಿತ್ತು, ನನ್ನ ಕೈಗೆ ಗೊತ್ತಾಗುತ್ತಿತ್ತು.

"ಮಾತಾಡ್ತಾ ಇರಿ ವಿಜಯಕ್ಕ. ಮಲಗಲಿಕ್ಕೆ ಬಿಡಬೇಡಿ," ಎನ್ನುತ್ತಿದ್ದ ಹಮೀದ್. ಏನು ಮಾತಾಡುವುದು? ಅಂಗಡಿಯಲ್ಲಿ ಯಾರಿಗೆ ಎಷ್ಟು ಮೈಲುತುತ್ತು ಕೊಡಲಿಕ್ಕುಂಟು ಎಂದು ಕೇಳಿದೆ. ಅದಕ್ಕೆ ಸರಿಯಾಗಿ ಉತ್ತರ ಹೇಳಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಓಡಿ ಬಂದರು. ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಿ, ಇವರ ಮೇಲೆ ಬಾಗಿ ಕೇಳಿದರು. "ರಾತ್ರಿ ನೀರು ಕುಡಿದಿದ್ರಾ?"

"ಇಲ್ಲ."

"ನಿನ್ನೆ ರಾತ್ರಿ ಮಾತ್ರವಾ? ಅಥವಾ ಯಾವತ್ತೂ ಇಲ್ಲವಾ?"

"ಬೆಳಿಗ್ಗೆ ಕುಡಿತಿದ್ದೆ. ಸೂರ್ಯ ಹುಟ್ಟಿದ ಮೇಲೆ. ಪೂರ್ತಿ ಚೊಂಬು ಕುಡಿತಿದ್ದೆ," ಎಂದರು. ಪೂರ್ತಿ ಕುಡಿದದ್ದಕ್ಕೆ ಅವರು ಸಂತೋಷಪಡಬಹುದು ಎಂಬ ಹಾಗೆ.

ನನಗೆ ಆಗ ತಿಳಿಯಿತು. ಇವರು ಹಿಡಿದ ಹದ ಅದು. ನೋಂಪಿಯೂ ಮುರಿಯಲಿಲ್ಲ, ನೀರೂ ಬಾಕಿಯಾಗಲಿಲ್ಲ. ನಡುವಿನ ರಾತ್ರಿಯೊಂದು ಲೆಕ್ಕಕ್ಕೆ ಬಾರದೆ ಹೋದೀತು ಎಂದು ನಂಬಿದ್ದರು. ಭೇದಿ ಇಲ್ಲದಿದ್ದರೆ ಹಾಗೇ ಹೋಗುತ್ತಿತ್ತೋ ಏನೋ. ಡಾಕ್ಟರಮ್ಮ ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: "ಮಾತ್ರೆ ಕೆಲಸ ಮಾಡಿದೆ. ಬೇಕಾದ್ದಕ್ಕಿಂತ ಜೋರಾಗಿ ಮಾಡಿದೆ. ಕಣಗಳು ಒಮ್ಮೆಲೇ ಒಡೆದಿವೆ. ಕಿಡ್ನಿ ನಿಂತಿದೆ, ಡಯಾಲಿಸಿಸ್ ಹಾಕ್ತಾ ಇದ್ದೇವೆ."

"ನೀರು ಕುಡಿದಿದ್ರೆ ಹೀಗಾಗ್ತಿರಲಿಲ್ವಾ?"

"ಕುಡಿದವರಿಗೂ ಕೆಲವೊಮ್ಮೆ ಆಗ್ತದೆ. ನನಗೆ ಹೇಳಲಿಕ್ಕೆ ಬರುವುದಿಲ್ಲ ಅಮ್ಮ," ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಹೌದು ಎನ್ನಬಹುದಿತ್ತು. ಇಲ್ಲ ಎಂದು ಸಮಾಧಾನಕ್ಕೆ ಹೇಳಬಹುದಿತ್ತು.

ಮೂರನೆಯ ದಿನ ಇವರು ಹೋದರು. ಕುತ್ತಿಗೆಯಲ್ಲಿ ಒಂದೂ ಗಂಟು ಇರಲಿಲ್ಲ. ಮೀಯಿಸುವಾಗ ನೋಡಿದೆ. ಮದುವೆಯ ಕಾಲದಲ್ಲಿದ್ದ ಹಾಗೆ ನುಣುಪಾದ ಕುತ್ತಿಗೆ. ಸುನಂದಕ್ಕ ಅದನ್ನೇ ಮುಟ್ಟಿ ಮುಟ್ಟಿ, "ಗುಣ ಆಗಿತ್ತಲ್ಲೇ ವಿಜಯಾ, ಪೂರ್ತಿ ಗುಣ ಆಗಿತ್ತಲ್ಲೇ," ಎಂದು ಅಳುತ್ತಿದ್ದರು. ಮಳೆಗೆ ಕಟ್ಟಿಗೆ ಹತ್ತಲಿಲ್ಲ. ಹಮೀದ್ ಎಲ್ಲಿಂದಲೋ ಒಣಗಿದ ತೆಂಗಿನ ಚಿಪ್ಪುಗಳನ್ನು ಚೀಲಗಟ್ಟಲೆ ತಂದು ಹಾಕಿದ. ಸ್ಮಿತಾಳನ್ನು ಅವಳ ಮನೆಯವರು ಕಳುಹಿಸಲಿಲ್ಲ. ಕಳುಹಿಸದಿದ್ದದ್ದು ಸರಿ ಎಂದು ನಾನೂ ಹೇಳಿದೆ.

ನನಗೆ ಆ ಪ್ರೋಟೀನಿನ ಮೇಲೆ ಸಿಟ್ಟಿಲ್ಲ. ಅದು ನನ್ನಲ್ಲೂ ಇದೆ, ಇದನ್ನು ಓದುವವರಲ್ಲೂ ಇದೆ. ಕಣ ಕಾಲಕ್ಕೆ ಮೊದಲು ಸಾಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಇವರಲ್ಲಿ ಅದು ಅಳತೆ ಮೀರಿತು. ನೋಂಪಿಯ ಮೇಲೂ ಸಿಟ್ಟಿಲ್ಲ. ಈ ವರ್ಷವೂ ಚಾತುರ್ಮಾಸ ತೊಡಗಿದ ದಿನ ಬಸದಿಗೆ ಹೋಗಿ ಕೈಮುಗಿದೆ. ಏನನ್ನೂ ಬಿಡುತ್ತೇನೆ ಎಂದು ಹೇಳಲಿಲ್ಲ. ಇಂದ್ರರು ಕೇಳಲೂ ಇಲ್ಲ.

ಕಾರ್ತಿಕದಲ್ಲಿ ಸ್ಮಿತಾಳಿಗೆ ಹೆಣ್ಣುಮಗು ಹುಟ್ಟಿತು. ದಿನ ತುಂಬಿ, ತೂಕ ತುಂಬಿ, ಗಟ್ಟಿಯಾಗಿ ಅಳುತ್ತಾ. ಬಾಣಂತನಕ್ಕೆ ನಾನು ನರಿಕೊಂಬಿಗೇ ಹೋಗಿ ನಿಂತೆ. ನೋಡಲು ಬಂದ ಒಬ್ಬಿಬ್ಬರು ಹೆಂಗಸರು ಅಜ್ಜನ ಪುಣ್ಯ ಎಂದರು. ಸ್ಮಿತಾ ಎದ್ದು ಒಳಗೆ ಹೋದಳು. ಅಪ್ಪ ರಾತ್ರಿ ನೀರು ಕುಡಿಯಲಿಲ್ಲ ಎನ್ನುವುದು ಅವಳಿಗೆ ಆಸ್ಪತ್ರೆಯ ದಿನವೇ ಗೊತ್ತಾಗಿತ್ತು, ಹಮೀದ್ ಬಾಯಿ ತಪ್ಪಿ ಫೋನಿನಲ್ಲಿ ಹೇಳಿದ್ದ. ಅದರ ಬಗ್ಗೆ ನಾವಿಬ್ಬರೂ ಮಾತಾಡಿರಲಿಲ್ಲ. ಮಗು ಕವುಚಿತು, ಕೂತಿತು, ಅನ್ನ ಉಣಿಸಿದೆವು. ಆಗಲೂ ಮಾತಾಡಲಿಲ್ಲ.

ಈ ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ನರಿಕೊಂಬಿನ ಮನೆಯ ಜಗಲಿಯಲ್ಲಿ ಕೂತಿದ್ದೆವು. ಕೆಳಗೆ ನೇತ್ರಾವತಿ ತುಂಬಿ ಹರಿಯುತ್ತಿತ್ತು. ಮಗು ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು. ಅದರ ತಲೆ ಸವರುತ್ತಾ, ನನ್ನ ಕಡೆ ನೋಡದೆ ಕೇಳಿದಳು.

"ಕೊನೆಗೆ ಅಪ್ಪನಿಗೆ ಬಾಯಾರಿಕೆ ಆಗಿತ್ತಾ ಅಮ್ಮ?"

ಸುಳ್ಳು ಹೇಳಬಹುದಿತ್ತು. ಆದರೆ ಅವಳು ಒಂದು ವರ್ಷ ಇಟ್ಟುಕೊಂಡು ಕೇಳಿದ ಪ್ರಶ್ನೆ ಅದು.

"ಆಗಿತ್ತು. ಕಿಡ್ನಿ ನಿಂತ ಮೇಲೆ ನೀರು ಕೊಡಬಾರದು ಅಂತ ಹೇಳಿದ್ರು. ತುಟಿಗೆ ಒದ್ದೆ ಹತ್ತಿ ಒತ್ತಬಹುದು, ಅಷ್ಟೇ. ಆ ಐಸಿಯು ಒಳಗೆ ಕಿಟಕಿ ಇರಲಿಲ್ಲ. ಎರಡನೇ ದಿನ ನಾನು ಹತ್ತಿಯನ್ನು ತುಟಿ ಹತ್ತಿರ ತಂದಾಗ ಬಾಯಿ ಮುಚ್ಚಿಕೊಂಡ್ರು. ಬೆಳಗಾಯ್ತಾ ಅಂತ ಕೇಳಿದ್ರು."

"ನೀನು?"

"ಆಯ್ತು ಅಂದೆ. ಬಾಯಿ ತೆರೆದ್ರು. ಆ ಹತ್ತಿಯನ್ನು ಪೂರ್ತಿ ಹೀರಿದ್ರು. ಇನ್ನೊಂದು ಕೊಟ್ಟೆ, ಅದನ್ನೂ ಹೀರಿದ್ರು."

"ಬೆಳಗಾಗಿತ್ತಾ?"

"ಇಲ್ಲ ಮಗಾ. ಹೊರಗೆ ಕತ್ತಲಾಗಿ ಆಗಷ್ಟೇ ದೀಪ ಹಾಕಿದ್ರು."

ಸ್ಮಿತಾ ನಿದ್ದೆಯಲ್ಲಿದ್ದ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ನಂತರ ನನ್ನ ಪಕ್ಕಕ್ಕೆ ಸರಿದು, ಚಿಕ್ಕವಳಿದ್ದಾಗ ಒರಗುತ್ತಿದ್ದ ಹಾಗೆ, ನನ್ನ ತೋಳಿಗೆ ಒರಗಿ ಕೂತಳು.